ಆವಕ ಜಾವಕ

ಮುಳಗುಂದ ನಾಕಾದಾಗ ಶಾಸಕರ ಆಫೀಸು.
ಕೆಳಗ ಪಂಕ್ಚರ್ ಅಂಗಡಿ,
ಮ್ಯಾಲೆ ನಾನು, ಪ್ರಿಂಟರು, ಆವಕ ರಜಿಸ್ಟರು.

ನಾಕನೂರಾ ಹನ್ನೆರಡು: ಧಾರವಾಡ, ಮಾಳಮಡ್ಡಿ.
ನಿವೃತ್ತ ನ್ಯಾಯಾಧೀಶ ವಾದಿರಾಜ ಹೊಂಬಳ.
ಶಾಯಿ ಪೆನ್ನು. ಎಡಕ್ಕ ಎರಡು ಬೆರಳು ಜಾಗ.
ವೇತನ ಆಯೋಗ, ಪರಿಷ್ಕರಣೆ, ಹಿಂಬಾಕಿ,
ಕಂಡಿಕೆ ಒಂದರಿಂದ ಹದಿನಾಲ್ಕು.
ಸಿಟ್ಟು ಬಂದಲ್ಲೆಲ್ಲ "ವಿನಮ್ರವಾಗಿ" ಅಂತ ಬರದಾರ.

ನಾಕನೂರಾ ಹದಿಮೂರು: ಬೆಟಗೇರಿ.
ಇಂದಿರಾ ಐಲಿ. ವಹಿಯಿಂದ ಕಿತ್ತ ಹಾಳಿ,
ನಡುವ ಪಿನ್ನಿನ ಎರಡು ತೂತು.
ಒಂಬತ್ತು ವರ್ಷ ಕಲಿಸ್ಯಾಳ, ತಿಂಗಳಿಗೆ ಆರು ಸಾವಿರ.
ಈಗ ಅರ್ಹತಾ ಪರೀಕ್ಷೆ ಪಾಸಾಗಬೇಕಂತ.
ಬೇಕಾದದ್ದು ತೊಂಬತ್ತು. ಬಂದದ್ದು ಎಂಬತ್ತೊಂಬತ್ತು.
ನಲವತ್ತೇಳನೇ ಪ್ರಶ್ನೆ ಪೂರ್ತಿ ಬರದು ಕೇಳ್ಯಾಳ:
ಉತ್ತರ ಗೊತ್ತಿದ್ದೂ ಮಗು ಕೈ ಎತ್ತದಿದ್ದರೆ ಕಾರಣವೇನು?
"ಅವರ ಕೀಲಿಯೊಳಗ ಅಂಜಿಕಿ ಅಂತೈತ್ರಿ.
ನಾ ಬೇಸರ ಅಂತ ಬರದೀನಿ.
ದಿನಾ ನೋಡಾಕಿ ನಾನ್ರಿ."

ಸಾಹೇಬ್ರು ಹುಬ್ಬಳ್ಳಿಗೆ, ಯಾರದೋ ಮದುವಿಗೆ ಹೊಂಟಿದ್ರು.
ಚಪ್ಪಲಿ ಮೆಟ್ಟಿಕೊಂತ ಅಂದ್ರು, "ಇಬ್ರಿಗೂ ಅದನ್ನ ಹಾಕು."
ಅದು ಅಂದ್ರ:
ತಮ್ಮ ಪತ್ರ ತಲುಪಿದೆ. ನಿಯಮಾನುಸಾರ ಕ್ರಮಕ್ಕಾಗಿ
ಸಂಬಂಧಪಟ್ಟ ಇಲಾಖೆಗೆ ಕಳುಹಿಸಲಾಗಿದೆ.
ಬೆರಳಿಗೆ ಬಾಯಿಪಾಠ ಆಗೇತಿ.
ಕಣ್ಣು ಎಲ್ಲಿತ್ತೋ, ಲಗತ್ತು ಅದಲುಬದಲಾತು.

ಹತ್ತನೇ ದಿನ ಧಾರವಾಡದಿಂದ
ನಮ್ಮದ ಲಕೋಟೆ, ಒಳಮೈ ಹೊರಗ ಮಾಡಿ ಅಂಟಿಸಿದ್ದು.
ಒಳಗ ಆ ವಹಿ ಹಾಳಿ, ಮಗ್ಗಲಕ್ಕ ಶಾಯಿ:
"ಇದು ನನ್ನದಲ್ಲ. ಆದರೂ ಓದಿದೆ.
ಮೂವತ್ತೊಂದು ವರ್ಷ ಪೀಠದಲ್ಲಿ ಕುಳಿತವನಾಗಿ
ವಿನಮ್ರವಾಗಿ ಹೇಳುತ್ತೇನೆ: ಬೇಸರ."
ಸಹಿ. ತಾರೀಖು.

ಮರುದಿನ ಆಕಿನ ಬಂದ್ಲು, ಶಾಲಿ ಬಿಟ್ಟ ಮ್ಯಾಲೆ,
ಸೀರಿ ಅಂಚಿಗೆ ಸುಣ್ಣದಪುಡಿ.
"ಇದು ಯಾರದೋ ನನಗ ಬಂದೈತ್ರಿ."
ಹದಿನಾಲ್ಕು ಕಂಡಿಕೆ, ಕೆಂಪು ಪೆನ್ನು.
ಎಂಟನೇದ್ರಾಗ ಒಂದು ಒತ್ತಕ್ಷರ ತಿದ್ದ್ಯಾಳ.
ಹನ್ನೊಂದನೇದ್ರಾಗ, "ಕೂಲಿಗೆ ಚೌಕಾಸಿ ಮಾಡುವುದು
ನ್ಯಾಯಾಧೀಶನಿಗೆ ಶೋಭೆಯಲ್ಲ" ಅನ್ನೋ ಸಾಲಿನ ಬುಡಕ್ಕ
ಗೆರಿ ಎಳದು ಬರದಾಳ: ಯಾಕ?

ನಾ ಆತನ ಹಾಳಿ ಆಕಿ ಕೈಯಾಗ ಕೊಟ್ಟೆ.
ನಿಂತ ಓದಿದ್ಲು. ಮತ್ತೊಮ್ಮೆ ಓದಿದ್ಲು.
"ಅಂಕ ಕೊಡೂದು ಇವರ ಕೈಯಾಗಿಲ್ಲಲ್ರಿ," ಅಂದ್ಲು.
ಇಲ್ಲ, ಅಂದೆ.
"ಇದರ ಝೆರಾಕ್ಸ್ ಸಿಗತೈತೇನ್ರಿ?"

ಆಕಿ ಹೋದ ಮ್ಯಾಲೆ ರಜಿಸ್ಟರ್ ತಗದೆ.
ನಂಬರ್ ಹಾಕಿದೆ, ತಾರೀಖು ಹಾಕಿದೆ.
ವಿಷಯ ಅನ್ನೋ ಕಾಲಮಿನ್ಯಾಗ ಪೆನ್ನು ನಿಂತತು.
ಕೆಳಗ ಯಾರೋ ಟ್ಯೂಬ್ ನೀರಾಗ ಮುಳುಗಿಸಿ
ಗುಳ್ಳಿ ಎಲ್ಲಿಂದ ಬರತಾವು ಅಂತ ನೋಡಾಕತ್ತಿದ್ರು.