ವಾಸನೆ: ಒಣ ಶೆಟ್ಲಿ

ಮಳೆಗಾಲಕ್ಕೆ ಮೊದಲು ತಂತಿಗೆ ತಾಗುವ ಕೊಂಬೆ ಕಡಿಯುವುದು
ಲೈನ್‌ಮನ್ ಬೀರಾ ಗೌಡನ ಕೆಲಸ.
ದೇವಿಮನೆ ಘಟ್ಟದಲ್ಲಿ, ಯಾವ ತಿರುವು ಅಂತ ಹೇಳುವುದಿಲ್ಲ,
ಬಿದ್ದ ಕೊಂಬೆಯೊಂದನ್ನು ಗೋಣಿಯಲ್ಲಿ ಸುತ್ತಿ
ಶಿರಸಿ ಬಸ್ಸಿನ ಡ್ರೈವರ್ ಪಕ್ಕ ಇಟ್ಟು ಕಳಿಸಿದ.
ಚೀಟಿಯಲ್ಲಿ: ‘ಕಾಲೇಜಿನ ಸೀತಾಳೆ ಅಮ್ಮನಿಗೆ.’

ಸೀತಾಳೆಯೆಂದರೆ ಜನಕ್ಕೆ ಮೊಳದುದ್ದ ಜೋಲುವ ದಂಡೆ.
ಇದು ಪಾಚಿಯೊಳಗೆ ಅವಿತ ಹಸಿರು ಗುಂಡಿಗಳ ಸಾಲು,
ಒಂದೊಂದೂ ಹೆಸರುಕಾಳಿನಷ್ಟು.
ಹೆಸರು ಮಾತ್ರ ಇಲ್ಲ.
ಒದ್ದೆ ಹತ್ತಿಯ ಮೇಲಿಟ್ಟೆ. ಮೂರನೆಯ ಬೆಳಿಗ್ಗೆ
ಒಂದು ಗುಂಡಿಯ ಬುಡದಲ್ಲಿ ಹೂವು:
ಎರಡೂಕಾಲು ಮಿಲಿಮೀಟರ್.
ನಾನು ಉಸಿರು ಬಿಟ್ಟರೆ ಅದರ ತುಟಿ ಅಲ್ಲಾಡಿತು.
ಉಸಿರು ಹಿಡಿದೇ ಅಳೆದೆ.

ಹೋಲಿಕೆ ಬೇಡ, ಅಳತೆ ಬರಿ, ಅನ್ನುತ್ತಿದ್ದರು ನಮ್ಮ ಮೇಷ್ಟ್ರು.
ಎಲೆ ಈಟಿಯಾಕಾರ. ದಳ ಅಂಡಾಕಾರ. ತುಟಿ ನಾಲಿಗೆಯಾಕಾರ.
ಎಲೆಯಲ್ಲಿ ಮೊದಲು ಈಟಿ ಕಂಡವರು
ಅಂದು ಬೈಸಿಕೊಂಡಿರಬೇಕು;
ಸವೆದು ಸವೆದು ಶಾಸ್ತ್ರವಾಯಿತು.

ನೂರು ವರ್ಷ ಹಿಂದೆ ಹಾಳೆಗೆ ಅಂಟಿಸಿದ
ಕಂದು ಬಣ್ಣದ ನೆಂಟರ ಪಕ್ಕ ಇಟ್ಟು ನೋಡಿದೆ.
ಗುಂಡಿ ಒಂದೇ, ದಳ ಒಂದೇ,
ತುಟಿಯಂಚಿನ ರೋಮ ಅವಕ್ಕೆ ಹನ್ನೊಂದು, ಇದಕ್ಕೆ ಏಳು.
ಏಳು ಕೂದಲ ಬಲದಲ್ಲಿ ಹೊಸ ಜಾತಿ ಅನ್ನಲಾದೀತೇ?
‘ವಾಸನೆ’ ಎಂಬ ಕಾಲಮ್ಮಿಗೆ ಬಂದೆ.
ಮೂಗು ಹತ್ತಿರ ಒಯ್ದರೆ ಏನೋ ಇತ್ತು,
ಯಾವುದರದ್ದೆಂದು ತಿಳಿಯದು.
‘ಅಹಿತಕರ’ ಎಂದು ಬರೆದು ಪೆನ್ಸಿಲ್ ಕಚ್ಚಿದೆ.

ಗೋಣಿಚೀಲ ವಾಪಸ್ ಒಯ್ಯಲು ಬೀರಾ ಬಂದ.
ಭೂತಗನ್ನಡಿ ಕೊಟ್ಟೆ. ಅದನ್ನು ಬದಿಗಿಟ್ಟು ಮೂಸಿದ.
‘ಒಣ ಶೆಟ್ಲಿ’ ಅಂದ. ‘ಬಿಸ್ಲಿಗೆ ಹಾಕಿ ಎರಡ್ನೇ ದಿನದ್ದು.
ಮೂರ್ನೇ ದಿನದ್ದು ಬೇರೆ.’

ನಲವತ್ತಾರು ವರ್ಷ ನಮ್ಮನೆಯ ಅಡಿಗೆಕೋಣೆ
ಈ ಮೂಗಿಗೆ ಕಲಿಸದ ಪದ.
ಮರುದಿನ ಮೊದಲ ಬಸ್ಸಿಗೆ ಘಟ್ಟ ಇಳಿದು
ಕುಮಟೆಯ ಮೀನುಪೇಟೆಯಲ್ಲಿ, ಸೆರಗು ಮೂಗಿಗೆ ಒತ್ತದೆ,
ಬುಟ್ಟಿ ಬುಟ್ಟಿಗೆ ಬಗ್ಗಿದೆ.
‘ತಕಂಬುದಾದ್ರೆ ತಕಣಿ, ಬರೀ ಮೂಸ್ತೇ ನಿಂತ್ರೆ ಹ್ಯಾಂಗೆ?’
ಅಂದಳು ಶೇವಂತಿ ಹರಿಕಂತ್ರ.
ನೂರು ಗ್ರಾಂ ಕೊಂಡೆ. ಡಬ್ಬಿಯ ಮೇಲೆ ತಾರೀಕು ಬರೆದೆ.
ವಾಪಸ್ ಬರುವಾಗ ಗುರುತಿನವರೊಬ್ಬರು
ಎದ್ದು ಹಿಂದಿನ ಸೀಟಿಗೆ ಹೋದರು.

ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ಹೂವು.
ಹೌದು.

ಆಮೇಲೆ ಹೂವನ್ನು ಸ್ಪಿರಿಟ್ಟಿನ ಸೀಸೆಗೆ ಹಾಕಬೇಕಾಯಿತು.
‘ಹೆಸ್ರಿಡೂಕೆ ಸಾಯಿಸ್ಬೇಕೇನ್ರಾ?’
ಒಂದನ್ನು, ಅಂದೆ. ಉಳಿದವಕ್ಕಾಗಿ.
‘ಹೆಸ್ರಿಲ್ದೆ ಇಷ್ಟ್ ದಿನ ಹ್ಯಾಂಗಿತ್ತು?’
ನಾನು ಮುಚ್ಚಳ ತಿರುಗಿಸುತ್ತಲೇ ಇದ್ದೆ,
ಅದು ಆಗಲೇ ಬಿಗಿಯಾಗಿತ್ತು.

ನಿನ್ನ ಹೆಸರೇ ಇಡುತ್ತೇನೆಂದೆ. ಬೇಡವೆಂದ.
ತಂತಿಯ ಕೆಳಗಿನ ಮರ; ಮುಂದಿನ ವರ್ಷ ಮತ್ತೆ ಕತ್ತಿ ಹಿಡಿಯುವವನು ತಾನೇ.
ತನ್ನ ಹೆಸರನ್ನು ತಾನೇ ಕಡಿದ ಹಾಗೆ ಆಗುತ್ತದಂತೆ.
ಶೆಟ್ಲಿಗೇ ಒಂದು ಲ್ಯಾಟಿನ್ ಬಾಲ ಹಚ್ಚಿದೆ.

‘ಸಿಕ್ಕ ಸ್ಥಳ’ ಎಂಬಲ್ಲಿ ಪೆನ್ನು ನಿಂತಿತು.
ಮರಕ್ಕೆ ವಿಳಾಸವಿಲ್ಲ, ಪಕ್ಕದ ಕಂಬಕ್ಕೆ ನಂಬರಿದೆ.
ಬರೆದರೆ ತಿಂಗಳೊಳಗೆ ಯಾರೋ ಚಾಕು ತರುತ್ತಾರೆ,
ಗಾಜಿನ ಪೆಟ್ಟಿಗೆಯಲ್ಲಿ ಸಾಕುವ ಶೋಕಿಯವರಿಗೆ ಮಾರಲು.
ಘಟ್ಟದ ಇಳಿಜಾರು, ಎಂದಷ್ಟೇ ಬರೆದೆ.
ನಂಬರು ನನಗೆ ಬಾಯಿಪಾಠ. ಬೀರಾನಿಗೆ ಕೈಪಾಠ.

ಈಗ ಜೂನಿನ ಸಂಜೆ ಗಾಳಿಯೆದ್ದು ಕರೆಂಟು ಹೋದರೆ,
ಇಡೀ ಬೀದಿ ಹೆಸ್ಕಾಂಗೆ ಫೋನು ಹಚ್ಚಿ ಬಯ್ಯುವಾಗ,
ನಾನು ಮೇಣದಬತ್ತಿ ಹುಡುಕುವುದಿಲ್ಲ.
ಯಾವುದೋ ಕೊಂಬೆ ತಂತಿಗೆ ತಾಗಿದೆ.
ಏಣಿಯ ಮೇಲೆ ಒಬ್ಬ, ಟಾರ್ಚು ಹಲ್ಲಲ್ಲಿ ಕಚ್ಚಿ,
ಕತ್ತಿಯೆತ್ತುವ ಮೊದಲು
ಕೊಂಬೆಯನ್ನು ಮೂಸುತ್ತಿರಬಹುದು.
ಕರೆಂಟು ನಿಧಾನ ಬರಲಿ.