ಐದಂಕಿಯ ನಂಬರು

ಇಡೀ ವಠಾರಕ್ಕೆ ಇದ್ದದ್ದು ಒಂದೇ ಫೋನು.
ಹನ್ನೊಂದು ಬಾಗಿಲು, ಒಂದು ನಲ್ಲಿ,
ಒಂದು ದ್ರಾಕ್ಷಿಯ ಬಳ್ಳಿ. ಅದು ಯಾರದೆಂದು
ಸೆಪ್ಟೆಂಬರ್ ಬಂತೆಂದರೆ ಜಗಳ.

ಕುತಾಯಿಸಿ ನಮ್ಮೂರು. ಇಳಿಜಾರಿನ ಕೆಳಗೆ
ರಿಯೋನಿ ನದಿ ಬಿಳಿಗಲ್ಲುಗಳ ನಡುವೆ
ಬಾಯಿ ಮುಕ್ಕಳಿಸುತ್ತ ಹರಿಯುತ್ತಿತ್ತು.
ಬೆಳಕು ಹರಿಯುವ ಮೊದಲೇ ಮೊಸರಿನವಳು,
ಅವಳ ಜಾಡಿಗಳ ಕಣಕಣ.
ಆಮೇಲೆ ರಾಟೆಗಳು ಕಿರ್ರೆಂದು ತಿರುಗಿ
ಎದುರುಮನೆಯವರ ಲಂಗ, ಚಡ್ಡಿ, ಕಾಲುಚೀಲಗಳು
ನಮ್ಮ ತಲೆಯ ಮೇಲಿನ ಆಕಾಶಕ್ಕೆ
ಒಂದೊಂದಾಗಿ ಹೊರಡುತ್ತಿದ್ದವು.

ಫೋನು ರೈಲ್ವೆಯ ಶಾಲ್ವಾ ಮಾಮನ ನಡುಮನೆಯಲ್ಲಿ,
ಕಸೂತಿಯ ಬಟ್ಟೆ ಹೊದ್ದು, ಕಪ್ಪಗೆ,
ಉಂಡು ಮಲಗಿದ ಬೆಕ್ಕಿನಂತೆ.
ಅದು ಬಡಕೊಂಡರೆ ಓಡುವುದು ನನ್ನ ಕೆಲಸ.
ಆಗ ನನಗೆ ಎಂಟು. ಮಂಡಿ ತುಂಬ
ಗಾಯಕ್ಕೆ ಹಚ್ಚಿದ ಹಸಿರು ಔಷಧಿ.
ಸಂಬಳ, ಒಂದು ಮುಷ್ಟಿ ಸೂರ್ಯಕಾಂತಿ ಬೀಜ.

"ಗೂಲಿಕೋ ಚಿಕ್ಕಮ್ಮಾ, ಬಾತೂಮಿಯಿಂದ!"
"ಓತಾರ್ ತಾತಾ, ಬೇಗ, ಆಸ್ಪತ್ರೆಯವರು!"
ಮರದ ಮೆಟ್ಟಿಲು ಧಡಧಡ.
ಹಿಟ್ಟು ಮೆತ್ತಿದ ಕೈಯೊಂದು ಬರುತ್ತಿತ್ತು,
ಅರ್ಧ ಬೋಳಿಸಿದ ಗಲ್ಲವೊಂದು ಬರುತ್ತಿತ್ತು,
ಒಂದು ಕಾಲಿಗೆ ತನ್ನದು, ಇನ್ನೊಂದಕ್ಕೆ ಗಂಡನದು
ಚಪ್ಪಲಿ ಮೆಟ್ಟಿ ಯಾರೋ.
ಯಾರಿಗೆ ಮಗು, ಯಾರಿಗೆ ಸಾವು,
ಯಾರಿಗೆ ಮಾಸ್ಕೋದಿಂದ ಬೂಟು,
ಎಲ್ಲ ನನಗೆ ಮೊದಲು ಗೊತ್ತು.

ಜುಜುನಾಗೆ ಮಾತ್ರ ಎಂದೂ ಫೋನು ಬರಲಿಲ್ಲ.
ಮೂಲೆಯ ಕೋಣೆ, ರೇಷ್ಮೆ ಮಿಲ್ಲಿನ ಕೆಲಸ,
ಕೂದಲಲ್ಲಿ ಸದಾ ಒಂದೆರಡು ಎಳೆ ನೂಲು.
ಅಣ್ಣನೊಬ್ಬ ದೂರದ ಕರಗಂಡಾದ ಗಣಿಯಲ್ಲಿ
ಇದ್ದಾನಂತೆ. ಅಥವಾ ಇದ್ದನಂತೆ.

ಯಾಕೆ ಹಾಗೆ ಮಾಡಿದೆನೋ.
ಬೀಜದ ಆಸೆ ಇರಬಹುದು. ಕನಿಕರವೂ
ಇರಬಹುದು ಎಂದು ಈಗೀಗ ಅಂದುಕೊಳ್ಳುತ್ತೇನೆ,
ಖಾತ್ರಿಯಿಲ್ಲ.
ಅವಳ ಬಾಗಿಲು ತಟ್ಟಿ ಹೇಳಿದೆ:
"ನಿಮಗೆ ಫೋನು ಬಂದಿತ್ತು. ಕಟ್ಟಾಯಿತು."

"ಗಂಡಸಿನ ದನಿಯೋ?"
"ಹೂಂ."
"ಏನಂದ?"
"ಬರೀ ಗೊರಗೊರ. ದೂರದ್ದು."

ಕತ್ತಲಾಗುವ ಹೊತ್ತಿಗೆ ಬಂದಳು.
ನೀಲಿ ಫ್ರಾಕು, ತುಟಿಗೆ ಬಣ್ಣ,
ಕೂದಲಲ್ಲಿ ಒಂದೂ ನೂಲಿಲ್ಲ.
ಶಾಲ್ವಾ ಮಾಮ ಕುರ್ಚಿ ಎಳೆದುಕೊಟ್ಟ,
ಅವನ ಹೆಂಡತಿ ಟೀ ಕೊಟ್ಟಳು,
ಆಮೇಲೆ ಜೋಳದ ರೊಟ್ಟಿ, ಆಮೇಲೆ ಏನೂ ತೋಚದೆ
ಇನ್ನೊಮ್ಮೆ ಟೀ.
ಒಮ್ಮೆ ಗಂಟೆ ಬಾರಿಸಿತು. ರಾಂಗ್ ನಂಬರು.
ಅವಳು ಕಸೂತಿ ಬಟ್ಟೆಯ ಅಂಚನ್ನು
ನೆಟ್ಟಗೆ ಮಾಡುತ್ತ ಕೂತೇ ಇದ್ದಳು,
ರೇಡಿಯೋ ರಾತ್ರಿಯ ಸುದ್ದಿ ಮುಗಿಸುವತನಕ.

ನಾನು ಕಿಟಕಿಯ ಹೊರಗೆ, ಬಳ್ಳಿಯ ಮರೆಯಲ್ಲಿ.
ಈಗ ಹೇಳಿಬಿಡುತ್ತೇನೆ, ಈಗ, ಎನ್ನುತ್ತ
ಒಂದು ಕಾಯಿದ್ರಾಕ್ಷಿ ಗೊಂಚಲು ತಿಂದು ಮುಗಿಸಿದೆ.

ಆ ಫೋನಿನ ತಂತಿಯನ್ನು ಕರೆಂಟಿಲ್ಲದ ವರ್ಷಗಳಲ್ಲಿ
ಯಾರೋ ತಾಮ್ರಕ್ಕೆಂದು ಕಿತ್ತು ಮಾರಿಕೊಂಡರು.
ನನ್ನ ಮಗಳ ನಂಬರು ನನಗೆ ನೆನಪಿಲ್ಲ,
ಮೊಬೈಲಿಗೆ ಗೊತ್ತು, ಅಷ್ಟು ಸಾಕು.
ಆದರೆ ಆ ಐದು ಅಂಕಿ, ನಿದ್ದೆಯಲ್ಲಿ ಎಬ್ಬಿಸಿ ಕೇಳಿ.
ಡಯಲು ತಿರುಗಿ ಹಿಂದಕ್ಕೆ ಬರುವಾಗ
ಒಂಬತ್ತಕ್ಕೆ ಹಿಡಿಯುವ ಹೊತ್ತು ಕೂಡ
ಬೆರಳಿಗೆ ಇನ್ನೂ ಗೊತ್ತು.

ಮರುದಿನ ಜುಜುನಾ ನನ್ನನ್ನು ಕರೆದಳು.
ಕೈಹಿಡಿದು, ಉಡಿಯ ತುಂಬ
ಅಕ್ರೋಟು ಸುರಿದಳು. ಹಸಿ ಸಿಪ್ಪೆಯವು.
"ಮತ್ತೆ ಬಂದರೆ," ಅಂದಳು, "ರಾತ್ರಿಯಾದರೂ ಸರಿ."

ಮೆಟ್ಟಿಲ ಕೆಳಗೆ ಕೂತು ಎಲ್ಲ ಬಿಡಿಸಿ ತಿಂದೆ.
ಅಕ್ರೋಟಿನ ಹಸಿ ಸಿಪ್ಪೆಯ ಕಪ್ಪು
ಸೋಪಿಗೆ ಹೋಗುವುದಿಲ್ಲ, ಹುಣಸೆಯಂಥ
ಹುಳಿಪ್ಲಮ್ಮಿನ ರಸಕ್ಕೂ ಹೋಗುವುದಿಲ್ಲ.
ಸೋಮವಾರ ಶಾಲೆಯಲ್ಲಿ ಉಗುರು ನೋಡುವ ದಿನ.
ಟೀಚರು ಲಾಮಾರಾ ಕೇಳಿದರು:
"ಕೈ ಚಾಚು, ನಾತೆಲಾ. ಏನಿದು?"