ಕೊಳ, ಕೊಳವೆ

ಮಂಗಳವಾರ, ಸಂಜೆ ಏಳು. ಹೊರಗೆ ನೆಬ್ರಾಸ್ಕಾದ ಗಾಳಿ
ಧ್ವಜದ ಹಗ್ಗವನ್ನು ಕಂಬಕ್ಕೆ ಟಣ್ ಟಣ್ ಬಡಿಯುತ್ತಿದೆ.
ಒಳಗೆ ಸದಸ್ಯರ ಐದು ಕುರ್ಚಿ, ನಾಲ್ಕು ಜನ.
ಟೆಸ್ ಬ್ರಾಂಡ್ವೋಲ್ಡ್ ಫೋನು ಮಾಡಿದ್ದಳು,
ಹಸು ಈಯುತ್ತಿದೆ, ಕರುವಿನ ಕಾಲು ಮುಂದಾಗಿದೆ.
ನಾನು ಬರೆದೆ: ಗೈರು, ಕಾರಣ ಸಮ್ಮತ.

ಇಪ್ಪತ್ತೆರಡು ವರ್ಷದಿಂದ ಕಾರ್ವರ್ ಬೆಂಡ್ ಪುರಸಭೆಯ ಗುಮಾಸ್ತೆ ನಾನು.
ಯಾರು ಮಂಡಿಸಿದರು, ಯಾರು ಅನುಮೋದಿಸಿದರು
ಎಲ್ಲಕ್ಕೂ ಜಾಗವಿದೆ.
ಯಾರು ನಿಟ್ಟುಸಿರಿಟ್ಟರು ಎಂಬುದಕ್ಕಿಲ್ಲ.

ಹಿಂದಿನ ಸಭೆಯ ನಡಾವಳಿ ಓದಲಾಯಿತು.
ಓದಲಿಲ್ಲ. ಯಾವತ್ತೂ ಓದುವುದಿಲ್ಲ.
ಓದಲಾಯಿತು ಎಂದು ಬರೆಯಲಾಯಿತು.

ಬಿಲ್ಲುಗಳು. ರಸ್ತೆಗೆ ಉಪ್ಪು, ನಲವತ್ತು ಟನ್ನು.
ಸ್ಮಶಾನದ ಹುಲ್ಲು ಕತ್ತರಿಸುವ ಯಂತ್ರಕ್ಕೆ ಎರಡು ಅಲಗು.
ಸುಂಟರಗಾಳಿಯ ಸೈರನ್ನಿಗೆ ಬ್ಯಾಟರಿ.
ಗ್ರಂಥಾಲಯದ ಅಟ್ಟ ಸೇರಿದ ಬಾವಲಿಗಳನ್ನು ಹಿಡಿದು ಬಿಡಲು
ತಲೆಗಿಷ್ಟು ಎಂದು, ಹದಿನಾಲ್ಕು ತಲೆ.
ಮೇಯರ್ ಯಾಂಡಾ ಕನ್ನಡಕ ಮೇಲೇರಿಸಿ ಕೇಳಿದ:
ಎಣಿಸಿದವರು ಯಾರು?
ನಗು. ನಗುವನ್ನು ಬರೆಯಲಿಲ್ಲ.

ಆರನೆಯ ವಿಷಯ: ಅರ್ಧ ಸೆಂಟು.
ಡಾಲರಿಗೆ ಅರ್ಧ ಸೆಂಟು, ಹತ್ತು ವರ್ಷಕ್ಕೆ,
ಊರು ತಾನೇ ಓಟು ಹಾಕಿ ತನ್ನ ತಲೆಗೆ ಕಟ್ಟಿಕೊಂಡ ತೆರಿಗೆ.
ಈಜುಕೊಳಕ್ಕೆಂದು.
ಪೋಸ್ಟರಿನಲ್ಲಿ ನೀಲಿ ಜಾರುಬಂಡೆ,
ಅದರ ತುದಿಯಲ್ಲಿ ಮುಂದಿನ ಹಲ್ಲು ಬಿದ್ದ ಹುಡುಗ,
ಕೆಳಗೆ ಇರುವೆ ಸಾಲಿನಂತೆ ಒಂದು ಸಾಲು:
ಮತ್ತು ಇತರ ಮೂಲಸೌಕರ್ಯಗಳಿಗೆ.

ಅರ್ಧ ಸೆಂಟಿನ ನಾಣ್ಯ ಈಗ ಯಾರ ಜೇಬಿನಲ್ಲೂ ಇಲ್ಲ.
ಆದರೂ ಬರುತ್ತದೆ: ಮಕ್ಕಳ ಹಿಮದ ಬೂಟಿನಿಂದ,
ಮೇಯರ್ ತಾನೇ ಮಾರುವ ಟೈರಿನಿಂದ,
ಮಾಂಸದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ
ಎಉಲಾಲಿಯಾ ಕೊಳ್ಳುವ ಮಣಿಕಟ್ಟಿನ ಮುಲಾಮಿನಿಂದ.
ಹನಿಗೂಡಿದರೆ ಹಳ್ಳ ಅನ್ನುತ್ತಾರಲ್ಲ,
ನಮ್ಮಲ್ಲಿ ಹಳ್ಳ ಮೊದಲೇ ಇತ್ತು,
ಆರನೇ ಬೀದಿಯ ನಟ್ಟನಡುವೆ, ಶಾಲೆಯ ಬಸ್ಸು ಮಂಡಿಯೂರುವಷ್ಟು.
ಹನಿಗಳನ್ನು ಅದಕ್ಕೆ ಸುರಿಯಬೇಕೋ ಬೇಡವೋ
ಎಂಬುದೇ ಇವತ್ತಿನ ಚರ್ಚೆ.

ರಸ್ತೆ ಇಲಾಖೆಯ ಮಾರ್ಲಿನ್ ಸೆಡ್ಲಾಕ್ ಎದ್ದು ನಿಂತ.
ಬ್ರೆಡ್ಡಿನ ಚೀಲದಿಂದ ಮಣ್ಣಿನ ಕೊಳವೆಯ ತುಂಡು ತೆಗೆದು
ಆಯವ್ಯಯದ ಹಾಳೆಯ ಮೇಲೇ ಇಟ್ಟ.
ಅವನ ತಾತನ ಕಾಲದ್ದು. ಒಳಗೆ ಬೇರು,
ಬಾಚಣಿಗೆಗೆ ಸಿಕ್ಕ ಕೂದಲಿನ ಹಾಗೆ.
ವಾಸನೆ ನೋಡಿ, ಅಂದ.
ಯಾರೂ ನೋಡಲಿಲ್ಲ. ಎಲ್ಲರಿಗೂ ಬಂತು.

ಮುನ್ನೂರ ನಲವತ್ತು ಅಡಿ, ಎರಡು ಲಕ್ಷ ಹದಿನೆಂಟು ಸಾವಿರ.
ಕೊಳಕ್ಕೂ ಕೊಳವೆಗೂ ನಡುವೆ ಒಂದೇ ಅಕ್ಷರ.
ಕೊಳವಾದರೆ ರಿಬ್ಬನ್ನು ಕತ್ತರಿಸಿ ಫೋಟೋ ತೆಗೆಸಿಕೊಳ್ಳಬಹುದು.
ಕೊಳವೆಯನ್ನು ಹೂತು, ಮೇಲೆ ನಡೆದುಹೋಗಬೇಕು.

ಸಾರ್ವಜನಿಕರು: ಒಬ್ಬರು.
ಪೊಸ್ಪಿಶಿಲ್ ಮುದುಕ, ಹೀಟರಿನ ಪಕ್ಕದ ಕುರ್ಚಿಯಲ್ಲಿ.
ಅಭಿಪ್ರಾಯ: ಇಲ್ಲ. ಗೊರಕೆ ಇತ್ತು.

ಹೆಸರು ಕೂಗಿದೆ. ಹೌದು. ಹೌದು. ಹೌದು.
ಗ್ರೇಟಾ ಲಿಂಡ್‌ಕ್ವಿಸ್ಟ್ ಇಲ್ಲ ಅಂದಳು.
ಆ ಪೋಸ್ಟರನ್ನು ಮನೆಮನೆಯ ಬಾಗಿಲಿಗೆ ಒಯ್ದವಳು ಅವಳೇ,
ಒಂಬತ್ತು ಬೇಸಿಗೆಯ ಹಿಂದೆ, ಮುರಿದ ಕಾಲಿಗೆ ಪಟ್ಟಿ ಸುತ್ತಿಕೊಂಡು.
ನನ್ನ ಪೆನ್ನು ನಿಂತಿತು.
ಹಗ್ಗ ಕಂಬಕ್ಕೆ ಬಡಿಯಿತು, ಏಳೆಂಟು ಸಲ.
ಆಮೇಲೆ ಅವಳು ಕೊಳವೆಯ ತುಂಡನ್ನು ಪಕ್ಕಕ್ಕೆ ಸರಿಸಿ,
ಹೌದು ಅಂತ ಬರ್ಕೋ, ಅಂದಳು.
ಬರೆದೆ: ಸರ್ವಾನುಮತ.

ಎಂಟೂ ಇಪ್ಪತ್ತಕ್ಕೆ ಸಭೆ ಬರಖಾಸ್ತು.
ಕಾಫಿ ಪಾತ್ರೆ ತೊಳೆದು, ಮುದುಕನನ್ನು ಎಬ್ಬಿಸಿ, ಬೀಗ ಹಾಕಿ
ಮನೆ ದಾರಿಯಲ್ಲಿ ಅಂಗಡಿಗೆ ಹೋದೆ.
ಬಲ್ಬು. ಬೆಕ್ಕಿನ ಊಟ. ಹತ್ತಿರ ಹತ್ತಿರ ಎಂಟು ಡಾಲರು.
ಗಲ್ಲಾದಲ್ಲಿ ಅದೇ ಹುಡುಗ, ಈಗ ಹದಿನಾರು,
ಹಲ್ಲೆಲ್ಲ ಬಂದು, ಅದಕ್ಕೆ ತಂತಿಯನ್ನೂ ಕಟ್ಟಿಸಿಕೊಂಡು,
ಒಡೆದ ದನಿಯಲ್ಲಿ ಮೊತ್ತ ಹೇಳಿದ.
ಜಾರುಬಂಡೆಯ ಮಾತು ಎತ್ತಲಿಲ್ಲ. ಮರೆತಿದ್ದಾನೋ ಏನೋ.

ನನ್ನ ಪಾಲು ನಾಲ್ಕು ಸೆಂಟು.
ನಿಂತಲ್ಲೇ ಭಾಗಿಸಿದೆ, ಕೊಳವೆ ಎಷ್ಟು ಉದ್ದ ಬಂದೀತು ಎಂದು.
ಒಂದು ಕೂದಲಿನ ದಪ್ಪವೂ ಬರಲಿಲ್ಲ.

ರಸೀದಿ ಬೇಕಾ? ಅಂದ.
ಬೇಕು, ಅಂದೆ.